ಮಾಡಿಯಾಳ ಕಾಕಾರ ಮ್ಯಾಲ ಪೋಲ್

ನವೆಂಬರ್ 12, 2024, ಮಂಗಳವಾರ
ಆಳಂದ

ನಮ್ಮ ತೊಗರಿ ಬೆಳೆಗಾರರ ವಾಟ್ಸಾಪ್ ಗ್ರೂಪಿನಲ್ಲಿ ಮಧ್ಯಾಹ್ನ ಯಾರೋ ಪೋಲ್ ಹಾಕಿದ್ದಾರೆ. ‘ಮಾಡಿಯಾಳ ಕಾಕಾ ಅವರನ್ನು ಗ್ರೂಪಿನಿಂದ ತೆಗೆಯಬೇಕೆ?’ ಮಾಡಿಯಾಳ ಊರಿನ ಹಿರಿಯ ರೈತರು ಅವರು. ಕೆಳಗೆ ಎರಡೇ ಸಾಲು: ಹೌದು, ಬೇಡ. ಸಾಲಿ ಬಿಟ್ಟ ಮೇಲೆ ಫೋನ್ ನೋಡಿದೆ. ಹೌದು ಕಡೆ ಐವತ್ತರ ಹತ್ತಿರ ಬಂದಿತ್ತು, ಬೇಡ ಕಡೆ ಏಳು.

ವಾಟ್ಸಾಪ್ ಪೋಲಿನಲ್ಲಿ ಯಾರು ಯಾವುದಕ್ಕೆ ಒತ್ತಿದ್ದಾರೆ ಅನ್ನೋದು ಎಲ್ಲರಿಗೂ ಕಾಣುತ್ತದೆ. ಬಸ್ ಸ್ಟ್ಯಾಂಡಿನಲ್ಲಿ ನಿಂತುಕೊಂಡೇ ಒಂದೊಂದಾಗಿ ಹೆಸರು ನೋಡಿದೆ. ನಮ್ಮ ಮೈದುನ ಹೌದು ಕಡೆ. ಕಾಕಾರ ಹೊಲದಿಂದ ಬೀಜ ಒಯ್ದು ಬಿತ್ತಿದವರು ಇಬ್ಬರೂ ಹೌದು ಕಡೆ. ಕಾಕಾರ ಮಾತು ತಪ್ಪು ಅಂತ ಅನ್ನಿಸಿ ಒತ್ತಿದ್ದರೆ ನನಗೆ ಇಷ್ಟು ಸಂಕಟ ಆಗುತ್ತಿರಲಿಲ್ಲ. ಅದರಲ್ಲಿ ಅರ್ಧಕ್ಕರ್ಧ ಮಂದಿಯ ಉದ್ರಿ ಒಂದೇ ಅಂಗಡಿಯಲ್ಲಿದೆ. ಆ ಅಂಗಡಿಯವರೂ ಗ್ರೂಪಿನಲ್ಲಿದ್ದಾರೆ, ಪೋಲಿನ ಮೊದಲ ಹೌದು ಅವರದೇ. ರಾಶಿ ಆಗೋವರೆಗೆ ಗೊಬ್ಬರ, ಬೆಳೆಗೆ ಹೊಡೆಯೋ ಎಣ್ಣಿ (ಔಷಧ) ಎಲ್ಲ ಅವರೇ ಕೊಡಬೇಕು. ಅವರ ಕಣ್ಣೆದುರು ಬೇಡ ಅಂತ ಒತ್ತೋ ಧೈರ್ಯ ಯಾರಿಗಿದೆ?

ಇಷ್ಟಕ್ಕೂ ಕಾಕಾ ಮಾಡಿದ್ದೇನು? ಹೂವಿಗೆ ಬಂದ ತೊಗರಿ ಅಲ್ಲಲ್ಲಿ ಒಣಗಲಿಕ್ಕೆ ಶುರುವಾದಾಗ ಗ್ರೂಪಿನಲ್ಲಿ ಅದೇ ಅಂಗಡಿಯ ಒಂದು ಬಾಟಲಿಯ ಫೋಟೊ ಬಂತು. ಇದನ್ನ ಎರಡು ಸಲ ಹೊಡೆದರೆ ನೆಟೆ (ಗಿಡ ಒಣಗಿಸೋ ರೋಗ) ನಿಲ್ಲುತ್ತದೆ ಅಂತ ಕೆಳಗೆ ಬರೆದಿತ್ತು. ಅದಕ್ಕೆ ಸಾಲಾಗಿ ಹೆಬ್ಬೆಟ್ಟು ಬಿದ್ದವು. ಕಾಕಾ ಒಣಗಿದ ಗಿಡ ಕಿತ್ತು, ಕಾಂಡ ಉದ್ದಕ್ಕೆ ಸೀಳಿ ಫೋಟೊ ಹಾಕಿದರು. ಸಿಪ್ಪೆಯ ಕೆಳಗೆ ಕರಿ ಗೆರೆಗಳು ಬುಡದಿಂದ ಮೇಲಕ್ಕೆ ಹೋಗಿದ್ದು ಸ್ಪಷ್ಟ ಕಾಣುತ್ತಿತ್ತು. ಇದು ಮಣ್ಣಿನ ಶಿಲೀಂಧ್ರ, ಬೇರಿನಿಂದ ಹತ್ತಿದೆ, ಎಲೆಗೆ ಹೊಡೆದು ಉಪಯೋಗ ಇಲ್ಲ, ಮುಂದಿನ ವರ್ಷ ಆ ಹೊಲಕ್ಕೆ ಜೋಳ ಹಾಕ್ರಿ ಅಂತ ಬರೆದರು. ಅದಕ್ಕೆ ಒಂದೂ ಹೆಬ್ಬೆಟ್ಟು ಬೀಳಲಿಲ್ಲ.

ಕಾಕಾ ಹೇಳಿದ್ದು ಹೊಸದೇನೂ ಅಲ್ಲ. ಕಲಬುರಗಿ ಕೃಷಿ ಸಂಶೋಧನಾ ಕೇಂದ್ರದವರೂ ಇದನ್ನೇ ಹೇಳುತ್ತಾರೆ. ನೆಟೆ ತಡೆಯೋ ಟಿ.ಎಸ್.-3ಆರ್ ತಳಿ ಬಂದದ್ದೇ ಅಲ್ಲಿಂದ. ರೋಗದ ಶಿಲೀಂಧ್ರವನ್ನ ತಡೆಯೋ ಟ್ರೈಕೋಡರ್ಮಾ ಅನ್ನೋ ಒಳ್ಳೆ ಶಿಲೀಂಧ್ರವನ್ನ ಬೀಜಕ್ಕೆ ಹಚ್ಚಬೇಕು ಅಂದರೆ ಅದು ಬಿತ್ತೋ ಮುಂಚಿನ ಕೆಲಸ. ರೋಗ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ, ಜೋಳದ ಜೊತೆ ಬೆಳೆದಲ್ಲಿ ಕಡಿಮೆ ಬರುತ್ತದೆ. ನವೆಂಬರ್ ತಿಂಗಳಲ್ಲಿ ಈ ಮಾತು ಯಾರಿಗೂ ರುಚಿಸೋದಿಲ್ಲ. ಗಿಡ ಕಣ್ಣ ಮುಂದೆ ಸಾಯುತ್ತಿರುವಾಗ ‘ಏನೂ ಮಾಡೋಕಾಗೋದಿಲ್ಲ’ ಅನ್ನೋರಿಗಿಂತ ‘ಇದನ್ನ ಹೊಡಿ’ ಅನ್ನೋರೇ ಹತ್ತಿರದವರು ಅನ್ನಿಸುತ್ತದೆ. ಆ ಸಂಕಟ ನನಗೂ ಗೊತ್ತು, ನಮ್ಮ ಮಡ್ಡಿ ಹೊಲದಲ್ಲೂ ಒಣಗಿದೆ.

ನಿನ್ನೆ ಕಾಕಾರ ಫೋಟೊ ಅಳಿಸಿಹೋಯಿತು. ‘ಅಡ್ಮಿನ್ ಅಳಿಸಿದ್ದಾರೆ’ ಅನ್ನೋ ಸಾಲು ಮಾತ್ರ ಉಳಿಯಿತು. ಅಳಿಸಿದ ಅಡ್ಮಿನ್, ಅಡ್ಮಿನ್ ಆಗಿರೋ ನಮ್ಮ ಮೂವರಲ್ಲಿ ಒಬ್ಬರು, ಅದೇ ಬೆಳಿಗ್ಗೆ ಕಾಕಾರ ಜೊತೆ ವಾದಕ್ಕೆ ಬಿದ್ದವರು.

ಇವತ್ತು ರೊಟ್ಟಿ ಬಡಿಯೋದು ಮುಗಿಸಿ ಕಾಕಾರಿಗೆ ಫೋನ್ ಮಾಡಿದೆ.

“ಊಟಾ ಆಯ್ತೇನ್ರಿ ಕಾಕಾ?”

“ಆಯ್ತವ್ವಾ. ನನ್ನ ಫೋಟೊ ಯಾಕ ತಗದ್ರು?”

ನಾನು ಸುಮ್ಮನಿದ್ದೆ.

“ನಾ ಯಾರಿಗರೆ ಬೈದಿದ್ದೆ ಏನು?”

“ಇಲ್ರಿ.”

“ಸುಳ್ಳ ಹೇಳಿದ್ದೆ ಏನು?”

“ಇಲ್ರಿ ಕಾಕಾ.”

“ಮತ್ತ? ತಗದವರು ಒಂದು ಮಾತು ಹೇಳಬೇಕಿಲ್ಲೇನು, ಹಿಂಗ್ ಹಿಂಗ ಆಗ್ಯಾದ, ಅದಕ್ಕ ತಗದೀವಿ ಅಂತ? ಈಗ ಗ್ರೂಪಿಂದ ತಗೀಲಕ ಓಟ ಹಾಕ್ಲಕತ್ತಾರ. ತಗೀಲಿ ಬಿಡು. ಖರೇ ಅವ್ವಾ, ಆ ಮಂದಿ ರೊಕ್ಕ ಹಾಳ ಮಾಡ್ಕೊಳ್ಳಕತ್ತಾರ. ರೋಗ ಬೇರಿನ್ಯಾಗ ಅದ, ಎಲಿಗಿ ಎಣ್ಣಿ ಹೊಡದ್ರ ಬೇರಿಗಿ ಹ್ಯಾಂಗ ಮುಟ್ತದ?” ಆಮೇಲೆ ಸ್ವಲ್ಪ ತಡೆದು ಕೇಳಿದರು: “ಆ ಪೋಲ್ ನನಗೂ ಬಂದದ. ನಾ ಯಾವುದಕ್ಕ ಒತ್ತಬೇಕು ಹೇಳು?”

ಏನು ಹೇಳಬೇಕೋ ತಿಳಿಯಲಿಲ್ಲ. ನಾಳೆ ಹೊಲಕ್ಕೆ ಬರ್ತೀನ್ರಿ ಅಂದು ಇಟ್ಟೆ.

ಅಕ್ಕನ ಮಗ ಹೈದರಾಬಾದಿನಿಂದ ರಾತ್ರಿ ಮಾತಾಡಿದ. ಅವನ ಕೆಲಸವೇ ಸಾಫ್ಟ್‌ವೇರ್, ದಿನಾ ಇಂಥ ಚರ್ಚಾ ತಾಣಗಳಲ್ಲೇ ಉತ್ತರ ಹುಡುಕುತ್ತಾನೆ. “ಚಿಗವ್ವಾ, ಮೊದಲನೇ ಓಟೇ ಮುಂದಿನ ಓಟಿನ ದಾರಿ ತೋರಸ್ತದ” ಅಂದ. 2013ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಒಂದು ಪ್ರಯೋಗದ ಬಗ್ಗೆ ಹೇಳಿದ. ಒಂದು ಸುದ್ದಿ ತಾಣದ ಲಕ್ಷಕ್ಕೂ ಹೆಚ್ಚು ಕಾಮೆಂಟುಗಳ ಪೈಕಿ ಕೆಲವನ್ನ ಚೀಟಿ ಎತ್ತಿದ ಹಾಗೆ ಆರಿಸಿ, ಅವು ಬಂದ ಕೂಡಲೇ ಸಂಶೋಧಕರೇ ಒಂದು ಸುಳ್ಳು ಮೆಚ್ಚುಗೆ ಒತ್ತಿದರಂತೆ. ಕೊನೆಗೆ ನೋಡಿದರೆ ಅವುಗಳ ಅಂಕ ಸರಾಸರಿ ಶೇ 25 ಜಾಸ್ತಿ. ಬರೆದದ್ದರಲ್ಲಿ ಹೆಚ್ಚುಗಾರಿಕೆ ಏನಿರಲಿಲ್ಲ, ಮೊದಲ ಒಂದು ಒತ್ತು ಅಷ್ಟೆ. ನಮ್ಮ ಪೋಲಿನ ಮೊದಲ ಹೌದು ಅಂಗಡಿಯವರದು ಅನ್ನೋದು ಅವನಿಗೆ ಹೇಳಿದ ಮೇಲೆ ಅವನೂ ಸುಮ್ಮನಾದ.

ಅವನು ಹೇಳಿದ ಇನ್ನೆರಡು ಮಾತು ತಲೆಯಲ್ಲಿ ಉಳಿದಿವೆ. ಸ್ಟ್ಯಾಕ್ ಓವರ್‌ಫ್ಲೋ ಅನ್ನೋ ಪ್ರಶ್ನೋತ್ತರ ತಾಣದಲ್ಲಿ ಇನ್ನೊಬ್ಬರ ಉತ್ತರಕ್ಕೆ ಮೈನಸ್ ಒತ್ತಿದರೆ ಒತ್ತಿದವರ ಅಂಕದಲ್ಲೂ ಒಂದು ಕಡಿತವಾಗುತ್ತದೆ. ಬೇಡ ಅನ್ನಬಹುದು, ಆದರೆ ಕೈಯಿಂದ ಏನಾದರೂ ಬಿಟ್ಟುಕೊಟ್ಟು ಅನ್ನಬೇಕು. 1997ರಲ್ಲಿ ಶುರುವಾದ ಸುದ್ದಿ ಚರ್ಚೆಯ ತಾಣ ಸ್ಲ್ಯಾಶ್‌ಡಾಟ್‌ನದು ಇದಕ್ಕಿಂತ ಕಟ್ಟುನಿಟ್ಟು. ಅಲ್ಲಿ ಅಂಕ ಹಾಕೋ ಅಧಿಕಾರ ಸದಸ್ಯರಿಗೇ ಸರದಿಯಲ್ಲಿ ಬರುತ್ತದೆ, ಕೆಲವೇ ಅಂಕ, ಕೆಲವೇ ದಿನ. ಯಾವ ಚರ್ಚೆಯಲ್ಲಿ ಮಾತಾಡಿದ್ದೀಯೋ ಆ ಚರ್ಚೆಯಲ್ಲಿ ಅಂಕ ಹಾಕುವಂತಿಲ್ಲ. ವಾದಿಯೇ ನ್ಯಾಯಾಧೀಶ ಆಗಬಾರದು ಅನ್ನೋದನ್ನ ಅವರು ಯಂತ್ರದೊಳಗೇ ಕೂರಿಸಿಬಿಟ್ಟಿದ್ದಾರೆ. ನಮ್ಮಲ್ಲಿ ಬೆಳಿಗ್ಗೆ ಜಗಳಾಡಿದವರೇ ಸಂಜೆ ಅಳಿಸುತ್ತಾರೆ.

ಹಾಗಂತ ಯಾವುದನ್ನೂ ಅಳಿಸಬಾರದು ಅನ್ನೋಳಲ್ಲ ನಾನು. ಮುರ್ಕಿ ನೆನಪಿದೆ. 2018ರ ಜುಲೈ 13. ಬೀದರ ಜಿಲ್ಲೆಯ ಔರಾದ ಕಡೆ, ಹೈದರಾಬಾದಿನಿಂದ ಬಂದಿದ್ದ ಗೆಳೆಯರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಅಂತ ವಿಡಿಯೊ ಅವರ ಕಾರಿಗಿಂತ ಮುಂಚೆ ಮುರ್ಕಿ ಮುಟ್ಟಿತ್ತು. ಮಂದಿ ಕೂಡಿ ಹೊಡೆದರು, ಒಬ್ಬ ಎಂಜಿನಿಯರ್ ಸತ್ತ. ಪೊಲೀಸರು ಹಿಡಿದವರಲ್ಲಿ ಒಬ್ಬ ಗ್ರೂಪ್ ಅಡ್ಮಿನ್ ಕೂಡ ಇದ್ದ. ಅದಾಗಿ ಒಂದು ವಾರದೊಳಗೇ ವಾಟ್ಸಾಪ್ ನಮ್ಮ ದೇಶದಲ್ಲಿ ಫಾರ್ವರ್ಡಿಗೆ ಐದೇ ಚಾಟ್ ಅಂತ ಮಿತಿ ಹಾಕೋದಾಗಿ ಹೇಳಿತು. ಆ ವಿಡಿಯೊ ಗ್ರೂಪಿಗೆ ಬಂದ ಗಳಿಗೆಯಲ್ಲಿ ಪೋಲ್ ಹಾಕಿದ್ದರೆ ಎಷ್ಟು ಮಂದಿ ‘ಇರಲಿ’ ಅನ್ನುತ್ತಿದ್ದರು? ಬಹುಶಃ ಎಲ್ಲರೂ. ಅಂಥದ್ದನ್ನ ಯಾರನ್ನೂ ಕೇಳದೆ ತಕ್ಷಣ ಅಳಿಸಬೇಕು, ಅಳಿಸಿದ ಮೇಲೆ ಯಾಕೆ ಅಂತ ಹೇಳಬೇಕು.

ಇನ್ನೊಬ್ಬ ಅಡ್ಮಿನ್‌ಗೆ ಕೇಸಿನ ಭಯ. “ನಾಳೆ ಯಾರಾದರೂ ಏನಾದರೂ ಬರದ್ರ ನಮ್ಮ ಕೊರಳಿಗೇ ಬರ್ತದ್ರಿ ಟೀಚರ್, ಓನ್ಲಿ ಅಡ್ಮಿನ್ ಮಾಡಿ ಬಿಡಮು” ಅಂತಾರೆ, ಅಂದರೆ ಅಡ್ಮಿನ್ ಮಾತ್ರ ಬರೆಯೋ ಹಾಗೆ. ಸದಸ್ಯರು ಹಾಕಿದ್ದಕ್ಕೆ ಅಡ್ಮಿನ್ ಹೊಣೆಯಲ್ಲ, ಅಡ್ಮಿನ್‌ಗೆ ಇರೋ ಹೆಚ್ಚಿನ ಅಧಿಕಾರ ಮಂದಿಯನ್ನ ಸೇರಿಸೋದು, ತೆಗೆಯೋದು ಅಷ್ಟೇ ಅಂತ ಕೇರಳ ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ಹೇಳಿದ್ದನ್ನ ಅವರಿಗೆ ಕಳಿಸಿದೆ. ನೀಲಿ ಗೆರೆ ಬಂದಿದೆ, ಉತ್ತರ ಬಂದಿಲ್ಲ. ಎಲ್ಲರ ಬಾಯಿ ಮುಚ್ಚಿದರೆ ಆ ಗ್ರೂಪ್ ಯಾಕೆ ಬೇಕು? ಧಾರಣೆ ನೋಡೋಕೆ ಎಪಿಎಂಸಿಗೇ ಹೋಗಬಹುದು.

ಪೋಲಿಗೂ ಅದರದೇ ಜಾಗ ಇದೆ. ಕಲಬುರಗಿಗೆ ಮಾಲು ಒಯ್ಯಲು ಟೆಂಪೊ ಯಾವ ದಿನ ಮಾಡೋಣ, ಸಭೆ ಆಳಂದದಲ್ಲೋ ಮಾದನ ಹಿಪ್ಪರಗಾದಲ್ಲೋ, ಇಂಥದ್ದಕ್ಕೆ ಹಾಕಲಿ. ಹೆಚ್ಚು ಮಂದಿ ಹೌದು ಅಂದದ್ದೇ ಅಲ್ಲಿ ಸರಿ. ಶಿಲೀಂಧ್ರ ಬೇರಿನಲ್ಲಿದೆಯೋ ಎಲೆಯಲ್ಲಿದೆಯೋ ಅನ್ನೋದು ಕಾಂಡ ಸೀಳಿದರೆ ತಿಳಿಯುತ್ತದೆ, ಬೆರಳು ಒತ್ತಿದರೆ ತಿಳಿಯೋದಿಲ್ಲ. ಒಬ್ಬ ಮನುಷ್ಯ ನಮ್ಮ ನಡುವೆ ಇರಬೇಕೋ ಬೇಡವೋ ಅನ್ನೋದಕ್ಕಂತೂ, ಅವರು ಬೈದಿಲ್ಲ, ಬೆದರಿಸಿಲ್ಲ ಅಂದ ಮೇಲೆ, ಪೋಲ್ ಹಾಕೋದೇ ಕೂಡದು.

ಹತ್ತೂವರೆಗೆ ಪೋಲ್ ಅಳಿಸಿದೆ. ನನ್ನ ಹೆಸರು ಹಾಕಿ, ಕಾರಣ ಬರೆದೇ ಅಳಿಸಿದೆ. ಕಾಕಾರ ಫೋಟೊ ನನ್ನ ಫೋನಿನಲ್ಲಿ ಇತ್ತು, ಅದನ್ನ ಮತ್ತೆ ಹಾಕಿದೆ. ಹೊಡೆದು ಗಿಡ ಉಳಿಸಿಕೊಂಡವರು ಇದ್ದರೆ ಅವರೂ ಕಾಂಡ ಸೀಳಿ ಫೋಟೊ ಹಾಕಲಿ, ಅದೂ ಗ್ರೂಪಿನಲ್ಲೇ ಇರುತ್ತದೆ ಅಂತ ಕೆಳಗೆ ಬರೆದೆ. ಮೈದುನ ಪಡಸಾಲೆಯಿಂದಲೇ, “ವೈನಿ, ಅಂಗಡಿಯವರು ಏನಂತಾರೋ” ಅಂದ. ನಾಳೆ ಕಾಕಾರ ಹೊಲಕ್ಕೆ ನೀನೂ ಬಾ, ವಿಡಿಯೊ ಹಿಡಿ ಅಂದೆ. ಹ್ಞೂ ಅನ್ನಲಿಲ್ಲ, ಒಲ್ಲೆ ಅಂತಲೂ ಅನ್ನಲಿಲ್ಲ.

ಈಗ ನಿಯಮ ಬರೆಯೋಕೆ ಕೂತಿದ್ದೇನೆ. ಅಳಿಸಿದರೆ ಕಾರಣ ಹೇಳಬೇಕು, ಇದು ಮೊದಲನೆಯದು. ವಾದ ಮಾಡಿದ ಅಡ್ಮಿನ್ ಆ ವಾದದಲ್ಲಿ ಅಳಿಸಬಾರದು, ಉಳಿದಿಬ್ಬರಲ್ಲಿ ಒಬ್ಬರು ನೋಡಬೇಕು. ಇಲ್ಲಿಯವರೆಗೆ ಸರಾಗ ಬಂತು. ಮೂರನೆಯದು, ತಮ್ಮ ಅಂಗಡಿಯ ಮಾಲಿನ ಬಗ್ಗೆ ಬರೆಯೋರು ಅದು ತಮ್ಮದು ಅಂತ ಮೊದಲು ಹೇಳಬೇಕು. ಇದನ್ನ ಹೇಗೆ ಬರೆದರೂ ಒಬ್ಬರ ಕಡೆಗೇ ಬೆರಳು ಮಾಡಿದಂತೆ ಓದಿಸುತ್ತದೆ. ಬರಗಾಲದ ವರ್ಷ ನಮ್ಮ ಊರಿಗೆಲ್ಲ ಬೀಜ ಉದ್ರಿ ಕೊಟ್ಟವರೂ ಅವರೇ, ಬ್ಯಾಂಕಿನವರು ಬಾಗಿಲಲ್ಲೇ ನಿಲ್ಲಿಸಿ ಕಳಿಸಿದಾಗ. ಅವರನ್ನ ಒಂದು ಸಲ ಎದುರಿಗೆ ಕೂತು ಕೇಳಿದ ಮೇಲೆ ಬರೆಯಲೋ, ಇಲ್ಲಾ ಎಲ್ಲರಿಗೂ ಒಂದೇ ಅಂತ ಈಗಲೇ ಬರೆದು ಹಾಕಲೋ?