ತೆರೆಗುಮ್ಮ ಜಯಮಂಗಲಿ ಹೊಳೆಯ ಮರಳಲ್ಲಿ ಬದುಕುತ್ತದಾ?

ತೆರೆಗುಮ್ಮನ ಚಿತ್ರ ನೋಡಿದ ತುಮಕೂರು, ಕೊರಟಗೆರೆ, ಮಧುಗಿರಿ ಕಡೆಯವರೆಲ್ಲ ಕೇಳುವ ಪ್ರಶ್ನೆ ಇದು. ಹೊಸಬರಿಗಾಗಿ ಎರಡು ಮಾತು. ತೆರೆಗುಮ್ಮ ನಾವು ಕಟ್ಟುತ್ತಿರುವ ಕಲ್ಪಿತ ಜಗತ್ತಿನ ಪ್ರಾಣಿ. ಏಡಿಯ ವಂಶದ್ದು, 60 ಸೆಂ.ಮೀ. ಉದ್ದ, 6 ಕೆ.ಜಿ. ತೂಕ. ಕಡಲ ದಂಡೆಯ ಹಸಿ ಮರಳಲ್ಲಿ ಗೇಣುದ್ದ ಕೆಳಗೆ ಹೂತು ಕೂತು, ಮೇಲೆ ನಡೆದು ಬರುವ ಹಕ್ಕಿ, ಆಮೆಮರಿಗಳನ್ನು ಹಿಡಿಯುತ್ತದೆ. ಅಲ್ಲಿನ ಚಂದ್ರ ನಮ್ಮದಕ್ಕಿಂತ ಐದನೇ ಒಂದು ಪಾಲು ಹತ್ತಿರ ಇರುವುದರಿಂದ ಉಬ್ಬರದ ಸೆಳೆತ ಹೆಚ್ಚುಕಡಿಮೆ ಎರಡರಷ್ಟು. ನೀರು ಇಳಿದಾಗ ಬೇಟೆಗೆ ಬೇಕಾದಷ್ಟು ಬಯಲು ಸಿಗುತ್ತದೆ.

ಜಯಮಂಗಲಿಯಲ್ಲಿ ಅದು ಬದುಕದು. ಮುಖ್ಯ ಕಾರಣ ಮರಳಿನ ಕಣದ ಗಾತ್ರ.

ತೆರೆಗುಮ್ಮ ತನ್ನ ಕಿವಿರಿನ ಚೀಲದಲ್ಲಿ ಅರ್ಧ ಲೀಟರ್ ನೀರು ಇಟ್ಟುಕೊಂಡಿರುತ್ತದೆ. ಮೇಲೆ ಹೆಜ್ಜೆ ಬಿದ್ದ ಕೂಡಲೇ ಆ ನೀರನ್ನು ಬೆನ್ನಿನ ರಂಧ್ರಗಳಿಂದ ಮೇಲಕ್ಕೆ ಬಿಡುತ್ತದೆ. ಕಣಗಳು ಒಂದನ್ನೊಂದು ಬಿಟ್ಟು ತೇಲಿ ಮರಳು ಅಂಬಲಿಯಂತಾಗುತ್ತದೆ, ಕಾಲು ಹೂತುಹೋಗುತ್ತದೆ. ನೀರು ನಿಲ್ಲಿಸಿದರೆ ಮರಳು ಕೂತು ಕಾಲನ್ನು ಕಚ್ಚಿಕೊಳ್ಳುತ್ತದೆ. ಕಾಲು ಮಿ.ಮೀ. ಕಣದ ಮರಳಿಗೆ ನೀರು ಸೆಕೆಂಡಿಗೆ ಅರ್ಧ ಮಿ.ಮೀ. ಏರಿದರೂ ಸಾಕು. 20 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲದ ಜಾಗಕ್ಕೆ ಆ ಅರ್ಧ ಲೀಟರ್ ಸುಮಾರು 50 ಸೆಕೆಂಡ್ ಬರುತ್ತದೆ. ಕಣ ನಾಲ್ಕು ಪಟ್ಟು ದಪ್ಪವಾದರೆ ವೇಗ ಹದಿನಾರು ಪಟ್ಟು ಬೇಕು. ನೀರು ಮೂರೇ ಸೆಕೆಂಡಿಗೆ ಖಾಲಿ. ಅಷ್ಟರಲ್ಲಿ ಬೆಳ್ಳಕ್ಕಿ ಕಾಲೆತ್ತಿ ಹಾರಿಬಿಡುತ್ತದೆ. ದೇವರಾಯನದುರ್ಗದ ಬಂಡೆಗಳ ನಡುವೆ ಹುಟ್ಟಿ ಬರುವ ಹೊಳೆಯದು ಇಂಥ ದಪ್ಪ ಮರಳು. ನುಣುಪು ಬೇಕೆಂದು ಕೆರೆಯ ಗೋಡುಮಣ್ಣಿಗೆ ಇಳಿಸಿದರೆ ಇನ್ನೂ ಕಷ್ಟ: ಜೇಡಿಯಲ್ಲಿ ನೀರು ಹರಡುವುದಿಲ್ಲ, ಒಂದು ಕಡೆ ಸೀಳಿಕೊಂಡು ಹೊರಬರುತ್ತದೆ, ಉಳಿದದ್ದು ಹಾಗೇ ಅಂಟಿಕೊಂಡಿರುತ್ತದೆ.

ಇನ್ನು ನೀರು ತುಂಬಿಕೊಳ್ಳುವ ಮಾತು. ಕಡಲಲ್ಲಿ ಸುಮಾರು 12 ಗಂಟೆ 25 ನಿಮಿಷಕ್ಕೊಮ್ಮೆ ಉಬ್ಬರ ಬಂದು ತುಂಬಿಸುತ್ತದೆ. ಇಲ್ಲಿ ತಲಪರಿಗೆ (ಹೊಳೆ ಮರಳಲ್ಲಿ ನೀರಿಗಾಗಿ ತೋಡುವ ಗುಂಡಿ) ತೋಡಿದವರಿಗೆ ಮರಳಿನ ಗುಣ ಗೊತ್ತು: ಮೇಲಿನ ಒಣ ಮರಳು ತೋಡಿದಷ್ಟೂ ಜಾರುತ್ತದೆ, ಅದರ ಕೆಳಗಿನ ತೇವದ ಮರಳು ಗೋಡೆಯಂತೆ ನಿಲ್ಲುತ್ತದೆ, ನೀರಿನ ಮಟ್ಟ ಮುಟ್ಟಿದ ಮೇಲೆ ಮತ್ತೆ ಕುಸಿಯುತ್ತದೆ. ತೆರೆಗುಮ್ಮನಿಗೆ ಬೇಕಾದದ್ದು ಆ ಕೊನೆಯ ಪದರ. ಅದು ಕಡಲ ದಂಡೆಯಲ್ಲಿ ಗೇಣಿನೊಳಗೆ ಸಿಗುತ್ತದೆ, ಬೇಸಿಗೆಯ ಹೊಳೆಯಲ್ಲಿ ಆಳುದ್ದ ಕೆಳಗಿರುತ್ತದೆ. ಬೇಟೆ ಮಾತ್ರ ಮೇಲೆ.

ಗಾತ್ರ ಚಿಕ್ಕದು ಮಾಡಿ ಎಂದು ಹಲವರು ಹೇಳುತ್ತಾರೆ. ಉದ್ದ ಅರ್ಧವಾದರೆ ಚೀಲದ ನೀರು ಎಂಟನೇ ಒಂದಕ್ಕೆ ಇಳಿಯುತ್ತದೆ, ತೇಲಿಸಬೇಕಾದ ಜಾಗ ನಾಲ್ಕನೇ ಒಂದಕ್ಕೆ ಮಾತ್ರ. ಮೂರು ಸೆಕೆಂಡ್ ಇದ್ದದ್ದು ಒಂದೂವರೆ ಆಗುತ್ತದೆ.

ಬಯಲುಸೀಮೆಯ ತಳಿಯನ್ನೇ ಬರೆಯುವ ಆಸೆಯಿದ್ದರೆ (ನಮಗೂ ಇದೆ) ನೀರಿನ ಉಪಾಯ ಬಿಟ್ಟು ಒಣ ಮರಳನ್ನು ನಂಬಿ. ಗುಡಿಯ ಜಗಲಿ ಬುಡದ ಧೂಳಲ್ಲಿ ಇರುವೆ ಹಿಡಿಯುವ ಹುಳದ ಕುಣಿ ನೋಡಿದ್ದೀರಲ್ಲ, ಅದೇ ವಿಧಾನ. ಒಣ ಮರಳು 33 ಡಿಗ್ರಿಯ ಆಸುಪಾಸಿನ ಇಳಿಜಾರಿನಲ್ಲಿ ನಿಲ್ಲುತ್ತದೆ, ಅದಕ್ಕಿಂತ ಕಡಿದಾದರೆ ಜಾರುತ್ತದೆ. ಚಿತ್ರ ಬರೆಯುವವರು ಇಲ್ಲಿಯೇ ಎಡವುವುದು, ಕುಣಿಯನ್ನು ಬಾವಿಯಂತೆ ಬರೆದುಬಿಡುತ್ತಾರೆ. 60 ಸೆಂ.ಮೀ. ಆಳ ಬೇಕೆಂದರೆ ಬಾಯಿ 1.8 ಮೀಟರಿಗಿಂತ ಅಗಲವಾಗುತ್ತದೆ, ಎತ್ತಬೇಕಾದ ಮರಳು 800 ಕೆ.ಜಿ. ಮೀರುತ್ತದೆ. ಉದ್ದ ಅರ್ಧಕ್ಕಿಳಿದು ಮುಕ್ಕಾಲು ಕೆ.ಜಿ. ತೂಗುವ ಪ್ರಾಣಿಗೆ ಅದು ಆಗದ ಕೆಲಸ. ಆಳ 20 ಸೆಂ.ಮೀ.ಗೆ ಇಳಿಸಿ: ಬಾಯಿ 60 ಸೆಂ.ಮೀ., ಮರಳು ಸುಮಾರು 30 ಕೆ.ಜಿ. ಓತಿ, ಇಲಿ, ಗೌಜಲಕ್ಕಿ ಮರಿಗೆ ಅಷ್ಟು ಸಾಕು.

ಮರಿಗಳ ಲೆಕ್ಕ ಮರೆಯಬೇಡಿ. ಕಡಲೇಡಿಯ ಮರಿ ಮೊದಲು ನೀರಲ್ಲಿ ತೇಲಿ ಬೆಳೆಯಬೇಕು. ವರ್ಷದ ಬಹುಪಾಲು ಒಣಗಿರುವ ಹೊಳೆಯಲ್ಲಿ ಆ ದಾರಿಯಿಲ್ಲ. ನಮ್ಮ ಗದ್ದೆ ಏಡಿ ಹೊಟ್ಟೆಯ ಮಡಿಕೆಯಡಿ ಪೂರ್ತಿ ರೂಪದ ಮರಿಗಳನ್ನೇ ಹೊತ್ತು ತಿರುಗುತ್ತದೆ. ಹೊಸ ತಳಿಯ ಹೆಣ್ಣಿಗೂ ಆ ಮಡಿಕೆಯನ್ನು ಅಗಲವಾಗಿ ಬರೆಯಿರಿ.