ಜೆಬೆಲ್ ಶಮ್ಸ್: ನೀರು ಲೆಕ್ಕ ಹಾಕ್ಕೊಂಡು ಹತ್ತಿದ ಬೆಟ್ಟ

ನಾವು ಶಿವಮೊಗ್ಗ ಕಡೆಯವ್ರು, ಬೆಟ್ಟ ಅಂದ್ರೆ ಕೊಡಚಾದ್ರಿ, ಮಂಜು, ಕಾಲಿಗೆ ಇಂಬಳ, ಬಾಯಾರಿದ್ರೆ ಎಲ್ಲಾದ್ರೂ ಒಂದು ಹಳ್ಳ ಸಿಕ್ಕೇ ಸಿಗತ್ತೆ ಅನ್ನೋದು ತಲೇಲಿ ಕೂತ್ಬಿಟ್ಟಿದೆ. ಒಮಾನ್‌ನಲ್ಲಿ ಆ ಲೆಕ್ಕ ನಡಿಯಲ್ಲ. ಜೆಬೆಲ್ ಶಮ್ಸ್ ಅಂದ್ರೆ ಸೂರ್ಯನ ಬೆಟ್ಟ, ಈ ದೇಶದ ಅತಿ ಎತ್ತರದ್ದು, ಸುಮಾರು 3,000 ಮೀಟರ್, ಹೋಗಿಬರೋಕೆ ಹತ್ತು ಹನ್ನೆರಡು ಗಂಟೆ ಬೇಕು. ದಾರೀಲಿ ನೀರು ಮಾತ್ರ ಸಿಗಲ್ಲ.

ಜನವರೀಲಿ ನಾನೂ ನಮ್ಮ ಬಾಮೈದನೂ ಗುರುವಾರ ಆಫೀಸ್ ಮುಗಿಸಿ ಮಸ್ಕತ್ ಬಿಟ್ವಿ, ನಿಜ್ವಾ, ಅಲ್ ಹಮ್ರಾ ದಾಟಿ ವಾದಿ ಘುಲ್ ಅನ್ನೋ ಕಣಿವೆ ಹತ್ರ ಘಟ್ಟ ಹತ್ತಿ, ಮೇಲೆ ಟೆಂಟ್ ಹಾಕಿದ್ವಿ. ಮರುಭೂಮಿ ದೇಶ ಅಂತ ತೆಳು ಜಾಕೆಟ್ ತಗೊಂಡು ಬರ್ಬೇಡಿ, ರಾತ್ರಿ ಹಲ್ಲು ಕಟಕಟ ಅನ್ನತ್ತೆ.

ಬೆಳಗ್ಗೆ ಆರಕ್ಕೆ ಟಾರ್ಚ್ ಹಾಕ್ಕೊಂಡು ಶುರು. ತಲಾ ಐದು ಲೀಟರ್ ನೀರು, ಚಪಾತಿ, ಶೇಂಗಾ ಚಟ್ನಿಪುಡಿ, ಖರ್ಜೂರ. ಈ ರೂಟ್‌ಗೆ ಡಬ್ಲ್ಯೂ4 ಅಂತಾರೆ, ಬಂಡೆ ಮೇಲೆ ಹಳದಿ ಬಿಳಿ ಕೆಂಪು ಪಟ್ಟಿ ಬಳಿದಿರ್ತಾರೆ, ಅದೇ ದಾರಿ, ಒಂದು ಪಟ್ಟಿ ತಪ್ಪಿದ್ರೆ ನಿಂತು ಹುಡುಕ್ಬೇಕು, ಸುಮ್ನೆ ಮುಂದೆ ಹೋಗ್ಬಾರ್ದು. ಕಾಲಡಿ ಪೂರ್ತಿ ಸಡಿಲ ಸುಣ್ಣದಕಲ್ಲು, ಅಂಚೆಲ್ಲ ಈಳಿಗೆಮಣೆ ಥರ ಚೂಪು. ಪಕ್ಕದಲ್ಲಿ ಕಣಿವೆ ಸುಮಾರು ಒಂದು ಕಿಲೋಮೀಟರ್ ಆಳಕ್ಕೆ ನೇರ ಇಳಿದಿರೋದು, ರಣಹದ್ದು ನಮಗಿಂತ ಕೆಳಗೆ ಹಾರ್ತಿತ್ತು, ಅದರ ಬೆನ್ನು ಕಾಣ್ತಿತ್ತು, ನಾನು ಹದ್ದಿನ ಬೆನ್ನು ನೋಡಿದ್ದು ಅದೇ ಮೊದ್ಲು.

ಮೇಲಕ್ಕೆ ಹೋದ್ಹಾಗೆ ಜುನಿಪರ್ ಮರಗಳು ಸಿಗತ್ವೆ, ತಿರುಚಿಕೊಂಡ ಕಾಂಡ, ಅರ್ಧ ಒಣಗಿ ಅರ್ಧ ಹಸಿರು. ಅಂಥ ಒಂದು ಮರದ ಬುಡದಲ್ಲಿ ಕೂತಾಗ ಬಾಮೈದ ಕೈಯಿಟ್ಟ ಕಲ್ಲು ನೋಡಿ "ಭಾವ, ಇಲ್ನೋಡಿ, ಚಿಪ್ಪು!" ಅಂದ. ನಿಜವಾಗ್ಲೂ ಚಿಪ್ಪೇ, ಬೆರಳುಗುರಿನಷ್ಟು, ಗೆರೆಗೆರೆ ಸ್ಪಷ್ಟ, ಕಲ್ಲಾಗಿ ಕೂತಿದೆ. ಈ ಬೆಟ್ಟ ಇಡೀ ಒಂದು ಕಾಲದಲ್ಲಿ ಸಮುದ್ರದ ತಳ, ಕೋಟಿಗಟ್ಟಲೆ ವರ್ಷದ ಹಿಂದೆ ಅಲ್ಲಿ ಕೂತ ಸುಣ್ಣ ಈಗ ಮುಗಿಲಿಗೆ ಬಂದಿರೋದು. ಒಂದೊಂದು ಗುಟುಕು ಅಳೆದು ಕುಡೀತಿದ್ದ ನಮಗೆ ಆ ಚಿಪ್ಪಿನ ಮೇಲಿಂದ ಕೈ ತೆಗೆಯೋಕೇ ಮನಸ್ಸಾಗ್ಲಿಲ್ಲ. ಅಲ್ಲೇ ಬಿಟ್ಟು ಬಂದ್ವಿ.

ಕಷ್ಟ ಅನ್ನಿಸಿದ್ದು ಕೊನೇ ಭಾಗ. ಇದೇ ತುದಿ ಅಂತ ಏರಿದ್ರೆ ಅದರಾಚೆ ಇನ್ನೊಂದು, ಕಷ್ಟಪಟ್ಟು ಹತ್ತಿದ್ದನ್ನ ಇಳಿದು ಮತ್ತೆ ಏರ್ಬೇಕು, ತೊಡೆ ನಡುಗೋಕೆ ಶುರು. ಅಷ್ಟೊತ್ತಿಗೆ ನನ್ನ ಎಡಗಾಲಿನ ಶೂ ಸೋಲ್ ಬಾಯಿ ಬಿಡ್ತು. ಬಾಮೈದ ತನ್ನ ಬ್ಯಾಗಿನ ದಾರ ಬಿಚ್ಚಿ, ಸೋಲ್ ಸುತ್ತ ಮೂರು ಸುತ್ತು ಹಾಕಿ ಬಿಗಿದ, "ನಿಧಾನ ಹೋಗಣ ಭಾವ, ಮಧ್ಯಾಹ್ನ ಒಂದು ಗಂಟೆಗೆ ಎಲ್ಲಿರ್ತೀವೋ ಅಲ್ಲಿಂದ ವಾಪಸ್" ಅಂದ. ಅವನು ನನಗಿಂತ ಚಿಕ್ಕವನು, ಆ ಮಾತು ನಾನು ಹೇಳ್ಬೇಕಿತ್ತು.

ಹನ್ನೆರಡಕ್ಕೆ ಹತ್ತು ನಿಮಿಷ ಇದ್ದಾಗ ದಕ್ಷಿಣ ತುದಿ, 2,997 ಮೀಟರ್. ನಿಜವಾದ ಅತಿ ಎತ್ತರದ ತುದಿ ಉತ್ತರದ್ದು, ಅಲ್ಲಿ ಮಿಲಿಟರಿ ರಾಡಾರ್ ಇದೆ, ಸಾಮಾನ್ಯ ಜನಕ್ಕೆ ಪ್ರವೇಶ ಇಲ್ಲ. ನನಗೇನೂ ಬೇಜಾರಾಗ್ಲಿಲ್ಲ. ಗಾಳಿಗೆ ಬೆವರು ಆರಿ ಅಂಗಿ ಮೇಲೆ ಉಪ್ಪಿನ ಬಿಳಿ ಗೆರೆ ಮೂಡಿತ್ತು, ಚಪಾತಿ ಸುತ್ತಿ ತಿಂದ್ವಿ, ಇಬ್ಬರದ್ದೂ ಸೇರಿ ಮೂರೂವರೆ ಲೀಟರ್ ಉಳಿದಿತ್ತು.

ಇಳಿಯೋದು ಸುಲಭ ಅಲ್ಲ, ಮಂಡಿಗೆ ಪೂರ್ತಿ ಹೊಡೆತ. ದಾರ ಎರಡು ಸಲ ತುಂಡಾಯ್ತು, ಎರಡು ಸಲ ಕಟ್ಟಿದ್ವಿ. ನಾಲ್ಕೂವರೆಗೆ ನೀರು ಖಾಲಿ. ಸೂರ್ಯ ಮುಳುಗೋ ಹೊತ್ತಿಗೆ ಕಾರ್ ಕಾಣಿಸ್ತು, ಸೀಟಿನ ಕೆಳಗೆ ಬೇಕೂಂತಲೇ ಬಿಟ್ಟುಹೋಗಿದ್ದ ಎರಡು ಬಾಟ್ಲಿ ನೀರು ತಣ್ಣಗೆ ಕೊರೀತಿತ್ತು. ಒಂದು ಅವನ ಕೈಗೆ ಕೊಟ್ಟೆ, ಇಬ್ರೂ ಮಾತಾಡ್ದೆ ಪೂರ್ತಿ ಕುಡಿದ್ವಿ.