ದೆವ್ವ ನಾಲೆಗೆ ಹೋದ ಕಥೆ

ನಮ್ಮ ಹನ್ನೊಂದು ನಿಮಿಷದ ಸಿನಿಮಾ ಹುಟ್ಟಿದ್ದು ನನ್ನ ತಮ್ಮನ ತಪ್ಪು ಕನ್ನಡದಿಂದ. ಅವನು ಏಳನೇ ಕ್ಲಾಸು, ಇಂಗ್ಲಿಷ್ ಮೀಡಿಯಂ. ಕನ್ನಡ ಓದುತ್ತಾನೆ. ಬರೆಯುವಾಗ ಮಾತ್ರ ಅವನ ಪಾಲಿಗೆ ಳಕಾರ ಇಲ್ಲ. ಹಳ್ಳಿಯೂ ಹಲ್ಲಿಯೂ ಅವನಿಗೆ ಒಂದೇ.

ನಾನು ತುಮಕೂರಿನಲ್ಲಿ ಪತ್ರಿಕೋದ್ಯಮ ಓದುತ್ತಿದ್ದೆ. ಕೊನೆಯ ವರ್ಷ ಒಂದು ಕಿರುಚಿತ್ರ ಮಾಡಿ ಕೊಡಬೇಕು. ನಾವು ಐದು ಜನ. ಗೆಳೆಯರ ಹೆಸರು ಹಾಕುವುದಿಲ್ಲ, ಹಾಕಿದರೆ ಜಗಳಕ್ಕೆ ಬರುತ್ತಾರೆ. ಶೂಟಿಂಗ್ ಮುಗಿಯುವಷ್ಟರಲ್ಲಿ ನಾವೇ ಒಬ್ಬರನ್ನೊಬ್ಬರು ಕ್ಯಾಮೆರಾ, ಲೈಟು, ಸೌಂಡು, ದೆವ್ವ ಅಂತ ಕರೆಯುತ್ತಿದ್ದೆವು. ಇಲ್ಲೂ ಹಾಗೇ ಇರಲಿ.

ನಾನು ಮೊದಲು ಬರೆದದ್ದು ಅಪ್ಪಟ ಹಾರರ್. 'ನಾಳೆ ಬಾ' ಕಥೆ ನಿಮಗೆ ಗೊತ್ತಿರುತ್ತೆ. 1990ರ ಹೊತ್ತಿಗೆ ಕರ್ನಾಟಕದ ಎಷ್ಟೋ ಊರುಗಳಲ್ಲಿ ಹಬ್ಬಿದ್ದ ಸುದ್ದಿ ಅದು. ರಾತ್ರಿ ದೆವ್ವ ಬಂದು ಬಾಗಿಲು ಬಡಿಯುತ್ತೆ. ಮನೆಯವರದ್ದೇ ದನಿಯಲ್ಲಿ ಕೂಗುತ್ತೆ. ಓಗೊಟ್ಟರೆ ಕಥೆ ಮುಗೀತು. ಅದಕ್ಕೇ ಜನ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆದರು. ದೆವ್ವ ಓದಿಕೊಂಡು ವಾಪಸ್ ಹೋಗುತ್ತೆ. ಮಾರನೇ ದಿನ ಬಂದರೂ ಅದೇ ಬರಹ. ದೆವ್ವಕ್ಕೆ ಓದು ಬರುತ್ತೆ, ಓದಿದ ಮೇಲೆ ಹೇಳಿದ್ದು ಕೇಳುತ್ತೆ ಅಂತ ನಂಬಿದ್ದರಲ್ಲ, ಅದು ನನಗೆ ಬಹಳ ಇಷ್ಟ.

ಬಾಗಿಲ ಮೇಲೆ ಚಿಕ್ಕ ಮಕ್ಕಳ ಅಕ್ಷರ ಇದ್ದರೆ ಚೆನ್ನ ಅಂತ ತಮ್ಮನ ಕೈಗೆ ಒಂದು ಹಾಳೆ ಕೊಟ್ಟೆ. 'ನಾಲೆ ಬಾ' ಅಂತ ಬರೆದುಕೊಟ್ಟ. ಬೈಯಲು ಬಾಯಿ ತೆಗೆದವಳು ಹಾಗೇ ನಿಂತೆ. ನಮ್ಮ ಕಡೆ ನಾಲೆ ಅಂದರೆ ಹೇಮಾವತಿ ನಾಲೆ. ಪಾಪ, ದೆವ್ವ ಇದನ್ನು ಓದಿದರೆ ಎಲ್ಲಿಗೆ ಹೋಗಬೇಕು? ಹೋಗಿ ಕಾಯುತ್ತೆ. ನಾಲೆಯಲ್ಲಿ ನೀರೂ ಇಲ್ಲ, ಕರೆದವರೂ ಇಲ್ಲ. ಅವತ್ತು ರಾತ್ರಿ ಹಾರರ್ ಹೋಗಿ ಹಾರರ್ ಕಾಮಿಡಿ ಆಯಿತು.

ಶೂಟಿಂಗ್ ಗುಬ್ಬಿ ತಾಲೂಕಿನ ನಮ್ಮ ದೊಡ್ಡಮ್ಮನ ಊರಿನಲ್ಲಿ. ಹಳೇ ಹೆಂಚಿನ ಮನೆ, ಹಿಂದೆ ತೆಂಗಿನ ತೋಟ, ಇನ್ನೂ ಹಿಂದೆ ಹೇಮಾವತಿಯ ಒಂದು ಸಣ್ಣ ಕಾಲುವೆ. ಗೊರೂರು ಜಲಾಶಯದಲ್ಲಿ ನೀರು ಬಿಟ್ಟರು ಅಂತ ಪೇಪರಿನಲ್ಲಿ ಬರುತ್ತೆ. ಈ ಕಾಲುವೆಗೆ ಆ ಸುದ್ದಿ ತಲುಪುತ್ತೆ, ನೀರು ತಲುಪುವುದಿಲ್ಲ. ಕಾಲುವೆ ತುಂಬ ಲಾಂಟಾನ. ನಮಗಂತೂ ಬಿಟ್ಟಿ ಸೆಟ್ಟು.

ದೆವ್ವದ ಕಥೆ ಅಂದಾಗ ದೊಡ್ಡಮ್ಮ ನಕ್ಕುಬಿಟ್ಟರು. ರಾತ್ರಿ ತೋಟದಲ್ಲಿ ಶೂಟಿಂಗ್ ಅಂದಾಗ ನಗು ನಿಂತಿತು. "ದೆವ್ವ ಬಿಡಮ್ಮ, ಚಿರತೆ ಬಂದ್ರೆ ಏನ್ ಮಾಡ್ತೀರಾ?" ಹೆಬ್ಬೂರು ಸುತ್ತಮುತ್ತ 2019–20ರಲ್ಲಿ ಚಿರತೆಗೆ ಜನ ಬಲಿಯಾದದ್ದನ್ನು ನಮ್ಮ ಕಡೆ ಯಾರೂ ಮರೆತಿಲ್ಲ. ಕೊನೆಗೆ ದೊಡ್ಡಪ್ಪ ಒಂದು ದೊಣ್ಣೆ, ಒಂದು ದೊಡ್ಡ ಟಾರ್ಚು, ಒಂದು ಖಾಲಿ ಎಣ್ಣೆ ಡಬ್ಬ ಹಿಡಿದು ಕಾವಲು ಕೂತರು. ಐದು ನಿಮಿಷಕ್ಕೊಮ್ಮೆ ಡಬ್ಬ ಬಡಿಯುತ್ತಿದ್ದರು. ಸೌಂಡು ಹುಡುಗನ ಮುಖ ನೀವು ನೋಡಬೇಕಿತ್ತು.

ಒಟ್ಟು ಖರ್ಚು 3,860 ರೂಪಾಯಿ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಬಸ್ಸಿಗೆ ಮತ್ತು ತಟ್ಟೆ ಇಡ್ಲಿಗೆ ಹೋಯಿತು. ವಿಗ್ಗು ಬಾಡಿಗೆಗೆ ತಂದೆವು. ನಮ್ಮ ಜಿಲ್ಲೆಯಲ್ಲಿ ಪೌರಾಣಿಕ ನಾಟಕ ಆಡದ ಊರೇ ಕಮ್ಮಿ. ಆ ನಾಟಕಗಳಿಗೆ ಡ್ರೆಸ್ಸು, ಕಿರೀಟ, ಗದೆ ಬಾಡಿಗೆ ಕೊಡುವ ಅಂಗಡಿಗಳಿವೆ. ದೆವ್ವದ ವಿಗ್ಗು ಕೇಳಿದೆವು. ಅಂಗಡಿಯವರು ಸ್ವಲ್ಪ ಯೋಚಿಸಿ, "ದ್ರೌಪದೀದು ಐತೆ, ಮುಡಿ ಬಿಚ್ಚಿರೋದು, ಆಗ್ತದಾ?" ಅಂದರು. ಆಗದೇ ಏನು! ಮುನ್ನೂರು ರೂಪಾಯಿ. ಹಾಕಿಕೊಂಡವನು ಆರಡಿ ಎತ್ತರದ ಬಿಕಾಂ ಹುಡುಗ, ಮೇಲೆ ದೊಡ್ಡಮ್ಮನ ಬಿಳಿ ಸೀರೆ. ಪಾದ ಮುಚ್ಚಬೇಕಾದ ಸೀರೆ ಮೊಣಕಾಲ ಹತ್ತಿರವೇ ನಿಂತಿತು. ಹಾಗಾಗಿ ನಮ್ಮ ದೆವ್ವಕ್ಕೆ ಫುಲ್ ಶಾಟ್ ಇಲ್ಲ.

ಗುಬ್ಬಿ ವೀರಣ್ಣನವರ ಕಂಪನಿ ಸ್ಟೇಜಿನ ಮೇಲೆ ನಿಜವಾದ ಆನೆಯನ್ನೇ ತಂದಿತ್ತು. ಅದೇ ಗುಬ್ಬಿ ಸೀಮೆಯಲ್ಲಿ ನಾವು ಒಂದು ಮೇಕೆಯನ್ನು ಫ್ರೇಮಿನೊಳಗೆ ನಿಲ್ಲಿಸಲು ಒಂದೂವರೆ ಗಂಟೆ ಒದ್ದಾಡಿದೆವು. ಮೇಕೆ ಸಿನಿಮಾದಲ್ಲಿ ಇಲ್ಲ.

ಕ್ಯಾಮೆರಾ ಅಂದರೆ ಫೋನು. ಮೊದಲ ರಾತ್ರಿ ತೆಗೆದ ಒಳಾಂಗಣದ ಶಾಟುಗಳಲ್ಲೆಲ್ಲ ಟ್ಯೂಬ್‌ಲೈಟಿನ ಬೆಳಕು ಪಟ್ಟೆ ಪಟ್ಟೆಯಾಗಿ ಓಡುತ್ತಿತ್ತು. ದೆವ್ವದ ಎಫೆಕ್ಟು ಅಂತ ಖುಷಿಪಟ್ಟೆವು. ಆಮೇಲೆ ಗೊತ್ತಾಯಿತು. ನಮ್ಮ ಮನೆ ಕರೆಂಟು 50 ಹರ್ಟ್ಸ್, ಹಳೇ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತೆ. ನಾವು ಶಟರ್ ಸ್ಪೀಡನ್ನು, ಅಂದರೆ ಒಂದೊಂದು ಫ್ರೇಮಿಗೆ ಬೆಳಕು ಒಳಬಿಡುವ ಹೊತ್ತನ್ನು, 1/60 ಸೆಕೆಂಡಿಗೆ ಇಟ್ಟಿದ್ದೆವು. ಮಿನುಗಿಗೆ ಸರಿಹೊಂದುವ ಹಾಗೆ 1/50ಕ್ಕೆ ಬದಲಿಸಿದ ಕೂಡಲೇ ಪಟ್ಟೆ ಮಾಯ. ತೋಟದ ಮಂಜಿಗೆ ತೆಂಗಿನ ಸಿಪ್ಪೆ ಹೊಗೆ. ಹೊಗೆಗೆ ಕ್ಯಾಮೆರಾ ಕಡೆಯಿಂದ ಬೆಳಕು ಬಿಟ್ಟರೆ ಏನೂ ಕಾಣಲ್ಲ. ಲೈಟು ಹುಡುಗ ಎಲ್‌ಇಡಿ ಬಲ್ಬನ್ನು ಮರದ ಹಿಂದೆ ಕಟ್ಟಿ ನೀಲಿ ಜಿಲೇಟಿನ್ ಪೇಪರ್ ಸುತ್ತಿದ. ಹೊಗೆ ಹೊಳೆಯಿತು. ಎಲ್ಲರೂ ಕೆಮ್ಮಿದೆವು.

ಎರಡು ರಾತ್ರಿ ತೆಗೆದು, ಎಡಿಟ್ ಮಾಡಿ, ಕ್ಲಾಸಿನಲ್ಲಿ ಗೆಳೆಯರಿಗೆ ತೋರಿಸಿದೆವು. ದೆವ್ವ ಬಂದಾಗ ನಕ್ಕರು. ಬಾಗಿಲ ಬರಹ ತೋರಿಸಿದಾಗ ಸುಮ್ನೆ ಕೂತರು. ಪೂರಾ ಉಲ್ಟಾ. ನನಗೆ ಹೊಟ್ಟೆಯೊಳಗೆ ಏನೋ ಕುಸಿದ ಹಾಗಾಯಿತು. ಹಿಂದಿನ ಬೆಂಚಿನವನನ್ನು ಕೇಳಿದೆ, "ಬಾಗಿಲ ಮೇಲೆ ಏನು ಬರೆದಿತ್ತು?" "ನಾಳೆ ಬಾ." "ಸರಿಯಾಗಿ ನೋಡಿದ್ಯಾ?" "ನೋಡ್ದೆ, ನಾಳೆ ಬಾ." ಹಾಳೆ ಕೊಟ್ಟು ಬರೆ ಅಂದೆ. ನೆಟ್ಟಗೆ 'ನಾಲೆ ಬಾ' ಅಂತ ಬರೆದ. ತಮಾಷೆ ಮಾಡಲು ಹೊರಟ ತಪ್ಪೇ ಅವರಿಗೆ ಸರಿಯಾಗಿತ್ತು!

ಬರೀ ಅವರ ತಪ್ಪು ಅನ್ನಲಾರೆ. ಬರಹ ಇದ್ದಿಲಿನದ್ದು, ಬಾಗಿಲೂ ಕಪ್ಪು. ಆ ಶಾಟು ಒಂದೂಕಾಲು ಸೆಕೆಂಡು. ಇನ್ನೊಂದು ದೊಡ್ಡ ತಪ್ಪು ನನ್ನದು. ಕಾಮಿಡಿ ಅಂದಕೂಡಲೇ ದೆವ್ವದ ಕೈಲಿ ಕಣ್ಣು ತಿರುಗಿಸಿ, ನಾಲಿಗೆ ಹೊರಳಿಸಿ, ಕೋತಿ ಚೇಷ್ಟೆ ಮಾಡಿಸಿದ್ದೆ. ತಾನೇ ತಮಾಷೆಗೆ ನಿಂತ ದೆವ್ವಕ್ಕೆ ಯಾರು ಹೆದರುತ್ತಾರೆ? ಹೆದರದವರಿಗೆ ಮುಂದಿನ ಮಾತು ನಗುವೂ ತರುವುದಿಲ್ಲ.

ಮತ್ತೆ ಬಸ್ಸು ಹತ್ತಿದೆವು. ಈ ಸಲ ದೊಡ್ಡಪ್ಪನ ಹತ್ತಿರ ಕಿಟಕಿಗೆ ಹೊಡೆದು ಉಳಿದಿದ್ದ ಬಿಳಿ ಎನಾಮಲ್ ಪೇಂಟ್ ಇಸಕೊಂಡು, ತಮ್ಮನ ಕೈಲೇ ಬಾಗಿಲ ತುಂಬ ದೊಡ್ಡದಾಗಿ ಬರೆಸಿದೆ. ದೆವ್ವಕ್ಕೆ ಒಂದೇ ಮಾತು ಹೇಳಿದೆ. "ನೀನು ನಗಿಸೋಕೆ ಹೋಗಬೇಡ. ನಿನಗೆ ಯಾರೋ ಅಡ್ರೆಸ್ ಕೊಟ್ಟಿದ್ದಾರೆ, ನೀನು ದೂರದಿಂದ ಬಂದಿದ್ದೀಯ, ಅಷ್ಟೇ." ಅವನು ಬಾಗಿಲ ಮುಂದೆ ನಿಂತ. ಬೆರಳಿಟ್ಟುಕೊಂಡು ಓದಿದ. "ನಾ... ಲೆ... ಬಾ." ಹಣೆ ಗಂಟಿಕ್ಕಿತು. ಅತ್ತ ಇತ್ತ ನೋಡಿದ. ಆಮೇಲೆ ಬಾಗಿಲಿಗೆ ಬಾಯಿಟ್ಟು, ಬಹಳ ಮರ್ಯಾದೆಯಿಂದ ಕೇಳಿದ, "ಯಾವ ನಾಲೆ?"

ಇದು ಸ್ಕ್ರಿಪ್ಟಿನಲ್ಲಿ ಇರಲೇ ಇಲ್ಲ. ಕ್ಯಾಮೆರಾ ಹುಡುಗ ನಗು ತಡೆಯಲು ಬಾಯಿಗೆ ಟವೆಲ್ ತುರುಕಿಕೊಂಡ. ಆ ಶಾಟಿನ ಕೊನೆಯಲ್ಲಿ ಫೋನು ನಡುಗುವುದು ಈಗಲೂ ಕಾಣುತ್ತೆ. ಕತ್ತರಿಸಿಲ್ಲ.

ಅದೇ ರಾತ್ರಿ, ಒಂದು ಗಂಟೆ ಹತ್ತಿರ, ತೋಟದಲ್ಲಿ ಕೊನೆಯ ದೃಶ್ಯ ತೆಗೆಯುತ್ತಿದ್ದೆವು. ಹಳೇ ಎಂಡಿಂಗ್ ಪ್ರಕಾರ ದೆವ್ವ ಅಳುತ್ತಾ ಹೋಗಬೇಕು. ನಿಶ್ಶಬ್ದ. ಇದ್ದಕ್ಕಿದ್ದ ಹಾಗೆ ಪಕ್ಕದಲ್ಲೇ ಗುರ್ರ್ ಅಂತ ಗುಡುಗಿದ ಸದ್ದು, ಕತ್ತಲಲ್ಲಿ ಏನೋ ಭುಸುಗುಟ್ಟಿತು. ಚಿರತೆ! ದೆವ್ವ ಸೀರೆ ಎತ್ತಿಕೊಂಡು ಎಲ್ಲರಿಗಿಂತ ಮುಂದೆ ಓಡಿತು. ನಾನು ಅದರ ಹಿಂದೆ.

ಚಿರತೆ ಅಲ್ಲ, ಬೋರ್‌ವೆಲ್. ತ್ರೀಫೇಸ್ ಕರೆಂಟು ಬಂದಿತ್ತು, ಆಟೋ ಸ್ಟಾರ್ಟರ್ ತನ್ನ ಪಾಡಿಗೆ ಮೋಟರ್ ಆನ್ ಮಾಡಿತ್ತು. ಪೈಪಿನಲ್ಲಿದ್ದ ಗಾಳಿ ನೀರಿಗಿಂತ ಮೊದಲು ನುಗ್ಗಿ ಬಂದಿತ್ತು. ನಾವು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಎದುರಿನಿಂದ ದೊಡ್ಡಮ್ಮ ಓಡಿ ಬಂದರು. ನಿದ್ದೆಗಣ್ಣು, ಕೈಯಲ್ಲಿ ಗುದ್ದಲಿ. ದಾರಿಗೆ ಅಡ್ಡ ದ್ರೌಪದಿ ಮುಡಿ ಬಿಟ್ಟುಕೊಂಡು, ಮುಖಕ್ಕೆಲ್ಲ ಕುಂಕುಮದ ನೀರು ಬಳಿದುಕೊಂಡು ಆರಡಿ ದೆವ್ವ ನಿಂತಿದೆ. ಅದರ ಮುಖವನ್ನೂ ನೋಡಲಿಲ್ಲ. "ಅತ್ಲಾಗೆ ಸರ್ಕಳಪ್ಪ, ಕರೆಂಟ್ ಬಂದೈತೆ" ಅಂತ ಪಕ್ಕಕ್ಕೆ ತಳ್ಳಿ ವಾಲ್ವ್ ತಿರುಗಿಸಲು ಹೋದರು.

ಎಂಡಿಂಗ್ ಸಿಕ್ಕಿತ್ತು. ಈಗ ಸಿನಿಮಾದಲ್ಲಿ ದೆವ್ವ ಒಣ ಕಾಲುವೆಯಲ್ಲಿ ಕೂತಿರುತ್ತೆ. ದೂರದಿಂದ ನೀರಿನ ಸದ್ದು. ಅದು ಬೋರ್‌ವೆಲ್ ಸದ್ದೇ, ಸ್ವಲ್ಪ ನಿಧಾನ ಮಾಡಿದ್ದೇವೆ. ದೆವ್ವ ಎದ್ದು "ನಾಲೇಲಿ ನೀರು ಬಂತು!" ಅಂತ ಊರೆಲ್ಲ ಕೂಗುತ್ತೆ. ಮೂವತ್ತು ವರ್ಷ ಓಗೊಡದ ಬಾಗಿಲುಗಳೆಲ್ಲ ತೆರೆಯುತ್ತವೆ. ಜನ ಗುದ್ದಲಿ ಹಿಡಿದು ದೆವ್ವವನ್ನು ದಾಟಿಕೊಂಡು ಓಡುತ್ತಾರೆ. ದೊಡ್ಡಮ್ಮ ಎಲ್ಲರಿಗಿಂತ ಮುಂದೆ, ಒಂದೇ ಟೇಕು.

ಎರಡನೇ ಸಲ ಕ್ಲಾಸಿನಲ್ಲಿ ತೋರಿಸಿದಾಗ "ಯಾವ ನಾಲೆ?" ಅನ್ನುವಲ್ಲಿ ಎಷ್ಟು ನಕ್ಕರೆಂದರೆ ಮುಂದಿನ ಡೈಲಾಗು ಯಾರಿಗೂ ಕೇಳಲಿಲ್ಲ. ಆ ಜಾಗದಲ್ಲಿ 48 ಫ್ರೇಮು, ಅಂದರೆ ಎರಡು ಸೆಕೆಂಡು, ಸುಮ್ನೆ ದೆವ್ವದ ಮುಖ ಸೇರಿಸಿದೆ.

ಹಬ್ಬಕ್ಕೆ ಊರಿಗೆ ಹೋದಾಗ ದೊಡ್ಡಮ್ಮನಿಗೆ ತೋರಿಸಿದೆ. ತಾವು ಓಡುವುದನ್ನು ಮೂರು ಸಲ ಹಿಂದಕ್ಕೆ ಹಾಕಿಸಿ ನೋಡಿದರು. ಬಾಗಿಲ ಮೇಲೆ ಬರಹ ಹಾಗೇ ಇತ್ತು. ಎನಾಮಲ್ ಪೇಂಟು, ಮಳೆಗೂ ಹೋಗಿಲ್ಲ. ಪೇಂಟ್ ರಿಮೂವರ್ ತಂದು ಒರೆಸಿಕೊಡುತ್ತೇನೆ ಅಂದೆ.

"ಇರ್ಲಿ ಬಿಡಮ್ಮ," ಅಂದರು. "ನೀರು ಬರೋಗಂಟ ಇರ್ಲಿ."